ಐದನೆಯವನ ಪಾಲು

ಡೋಟಾ 2 ಆಡುವುದು ಐದೈದು ಜನರ ಎರಡು ತಂಡ. ಆಟದೊಳಗೆ ಚಿನ್ನ ಸಿಗುತ್ತದೆ, ಆ ಚಿನ್ನದಿಂದ ಆಯುಧ ಕೊಳ್ಳಬೇಕು. ಆದರೆ ಐವರಿಗೂ ಸಾಲುವಷ್ಟು ಚಿನ್ನ ಇರುವುದಿಲ್ಲ. ಹಾಗಾಗಿ ಆಟಗಾರರೇ ಒಂದರಿಂದ ಐದರ ತನಕ ಒಂದು ಪಂಕ್ತಿ ಮಾಡಿಕೊಂಡಿದ್ದಾರೆ. ಮೊದಲ ಎಲೆಗೆ ಕೂತವನು ‘ಕ್ಯಾರಿ’. ಅವನಿಗೆ ಬಡಿಸಿ ಉಳಿದದ್ದು ಮುಂದಿನವರಿಗೆ. ಐದನೆಯವನಾದ ‘ಸಪೋರ್ಟ್’ ಆಟಗಾರನ ಎಲೆಗೆ ಬೀಳುವುದು ತಪ್ಪಲೆಯ ತಳ ಕೆರೆದಾಗ ಸಿಕ್ಕಷ್ಟು. ಕತ್ತಲಲ್ಲಿ ‘ವಾರ್ಡ್’ ಎಂಬ ಕಾವಲುಗಣ್ಣು ನೆಟ್ಟು ಉಳಿದ ನಾಲ್ವರಿಗೆ ದಾರಿ ಕಾಣಿಸುವುದು, ಅಗತ್ಯ ಬಿದ್ದರೆ ಕ್ಯಾರಿಯ ಬದಲು ತಾನು ಸಾಯುವುದು ಇವನ ಕೆಲಸ.

ಡೆನ್ಮಾರ್ಕಿನ ಯೋಹಾನ್ ಸುಂಡ್‌ಸ್ಟೈನ್, ಆಟದ ಲೋಕ ಬಲ್ಲಂತೆ ‘ನೋಟೇಲ್’, ಈ ಐದನೆಯ ಜಾಗದಲ್ಲಿ ಆಡಿಯೇ ಎರಡು ಸಲ ಜಗತ್ತು ಗೆದ್ದ. ಬಹುಮಾನದ ಗಳಿಕೆಯಲ್ಲಿ ಇ-ಸ್ಪೋರ್ಟ್ಸ್ ಚರಿತ್ರೆಯ ಪಟ್ಟಿಯ ತುದಿಗೇರಿದವನೂ ಅವನೇ. ಒಟ್ಟು 70 ಲಕ್ಷ ಡಾಲರಿಗೂ ಮಿಗಿಲು. ಕಾರಣ ಸರಳ. ಆಟದೊಳಗಿನ ಚಿನ್ನವನ್ನು ತಾರತಮ್ಯದಿಂದ ಹಂಚಿಕೊಳ್ಳುವ ಹುಡುಗರು ಆಟದ ಹೊರಗಿನ ಹಣವನ್ನು ಸಾಮಾನ್ಯವಾಗಿ ಸಮವಾಗಿ ಹಂಚಿಕೊಳ್ಳುತ್ತಾರೆ.

ಬಹುಮಾನದ ಹಣ ಆಟಗಾರನಿಗೆ ಹುರುಪು ಕೊಡುತ್ತದೆಯೇ ಎಂದು ಕೇಳುವವರು ಒಬ್ಬಂಟಿ ಆಟಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಾರೆ ಎಂಬುದು ನನ್ನ ಅನುಮಾನ. ಕಾಸಿಗೆ ತಕ್ಕ ಕಜ್ಜಾಯ ಅನ್ನುವ ಲೆಕ್ಕ ಒಬ್ಬನಿಗಾದರೆ ಸರಿ. ಐವರ ತಂಡಕ್ಕೆ ಕಜ್ಜಾಯ ಎಷ್ಟು ದೊಡ್ಡದು ಎಂಬುದಕ್ಕಿಂತ ಅದನ್ನು ಹೇಗೆ ಮುರಿದು ಹಂಚುತ್ತಾರೆ ಎಂಬುದೇ ಮುಖ್ಯ.

ಮೊತ್ತದ ಮಾತನ್ನೇ ಮೊದಲು ನೋಡೋಣ. ಡೋಟಾದ ವಿಶ್ವಕಪ್ಪಿನಂಥ ಪಂದ್ಯಾವಳಿ ‘ದಿ ಇಂಟರ್‌ನ್ಯಾಷನಲ್’ ಮೊದಲ ಸಲ ನಡೆದದ್ದು 2011ರಲ್ಲಿ, ಜರ್ಮನಿಯ ಕೊಲೋನ್‌ನಲ್ಲಿ. ಗೆದ್ದ ತಂಡಕ್ಕೆ 10 ಲಕ್ಷ ಡಾಲರ್ ಎಂದಾಗ ಇದೇನೋ ಮೋಸವಿರಬೇಕು ಎಂದುಕೊಂಡ ಆಟಗಾರರಿದ್ದರು. ಅಂದರೆ ಅಲ್ಲಿಗೆ ಬಂದವರೆಲ್ಲ ಅಂಥ ಹಣ ಕನಸಿನಲ್ಲೂ ಇಲ್ಲದಿದ್ದಾಗಲೇ ವರ್ಷಗಟ್ಟಲೆ ನಿದ್ದೆಗೆಟ್ಟು ಆಡುತ್ತ ಬಂದವರು. 2013ರಿಂದ ಅಭಿಮಾನಿಗಳು ಕೊಳ್ಳುವ ಡಿಜಿಟಲ್ ಪುಸ್ತಕದ ಕಾಲು ಭಾಗ ಹಣ ಬಹುಮಾನಕ್ಕೆ ಸೇರತೊಡಗಿತು. 2021ರ ಹೊತ್ತಿಗೆ ಗಂಟು 4 ಕೋಟಿ ಡಾಲರಾಯಿತು. ಆ ವರ್ಷ ಗೆದ್ದ ಟೀಮ್ ಸ್ಪಿರಿಟ್ 1.82 ಕೋಟಿ ಒಯ್ದಿತು. ಆಮೇಲೆ ಆಟದ ಕಂಪನಿ ಆ ಪುಸ್ತಕವನ್ನೇ ತೀರಾ ಸಣ್ಣದಾಗಿಸಿತು. 2023ರಲ್ಲಿ ಒಟ್ಟು ಬಹುಮಾನ 30 ಲಕ್ಷ ಚಿಲ್ಲರೆಗೆ ಇಳಿಯಿತು, ಹತ್ತರಲ್ಲಿ ಒಂದು ಪಾಲೂ ಉಳಿಯಲಿಲ್ಲ. ಆ ಸಲವೂ ಗೆದ್ದದ್ದು ಟೀಮ್ ಸ್ಪಿರಿಟ್, ಐವರಲ್ಲಿ ನಾಲ್ವರು ಅವರೇ. ಅಂತಿಮ ಪಂದ್ಯದಲ್ಲಿ ಎದುರಾಳಿಗೆ ಒಂದು ಆಟವನ್ನೂ ಬಿಟ್ಟುಕೊಡಲಿಲ್ಲ.

ಇದೇ ತಂಡ ಅದೇ ವರ್ಷದ ಜುಲೈನಲ್ಲಿ ರಿಯಾದ್ ಮಾಸ್ಟರ್ಸ್ ಗೆದ್ದು 50 ಲಕ್ಷ ಡಾಲರ್ ಪಡೆದಿತ್ತು. ಸೌದಿ ದುಡ್ಡಿನ ಮುಂದೆ ಇಂಟರ್‌ನ್ಯಾಷನಲ್ ಆ ವರ್ಷ ಬಡವರ ಮನೆಯ ಮದುವೆ. ಆದರೂ ಡೋಟಾ ಬಲ್ಲವರನ್ನು ಕೇಳಿ ನೋಡಿ, ಆ ತಂಡ ಎಷ್ಟು ದೊಡ್ಡದು ಎಂದರೆ ‘ಎರಡು ಏಜಿಸ್’ ಎನ್ನುತ್ತಾರೆ. ಏಜಿಸ್ ಎಂದರೆ ಗೆದ್ದವರ ಹೆಸರು ಕೆತ್ತುವ ಗುರಾಣಿ. ನಮ್ಮ ಭಾಷೆಯಲ್ಲಿ ಬಹುಮಾನ ಎಂದರೆ ಬಹಳ ಮಾನ. ಆ ಪದದಲ್ಲಿ ಹಣ ಎಲ್ಲೂ ಇಲ್ಲ.

ಹಾಗಾದರೆ ಹಣ ಬೇಡವೇ? ಅವಸರ ಬೇಡ. 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞ ವಿದ್ಯಾರ್ಥಿಗಳಿಗೆ ಒಗಟು ಬಿಡಿಸಲು ದುಡ್ಡು ಕೊಟ್ಟು, ಆಮೇಲೆ ನಿಲ್ಲಿಸಿ ನೋಡಿದ. ದುಡ್ಡು ಕಂಡವರು ಬಿಡುವಿನಲ್ಲಿ ಒಗಟಿನತ್ತ ತಿರುಗುವುದು ಕಡಿಮೆಯಾಯಿತು. ತತ್ವಜ್ಞಾನಿ ಅಲಾಸ್ಡೇರ್ ಮ್ಯಾಕಿಂಟೈರ್ 1981ರ ತನ್ನ ಪುಸ್ತಕದಲ್ಲಿ ಮಿಠಾಯಿಯ ಆಸೆಗೆ ಚೆಸ್ ಕಲಿಯುವ ಮಗುವೊಂದನ್ನು ಕಲ್ಪಿಸುತ್ತಾನೆ. ಮಿಠಾಯಿಯೊಂದೇ ಗುರಿಯಾಗಿರುವ ತನಕ ಆ ಮಗು ಮೋಸ ಮಾಡದಿರಲು ಕಾರಣವೇ ಇಲ್ಲ. ಚೆಸ್ಸಿನೊಳಗಿನ ಸುಖ ನಾಲಿಗೆಗೆ ಹತ್ತಿದ ಮೇಲೆ ಮೋಸ ಮಾಡಿದರೆ ಅದು ತನಗೇ ಮಾಡಿಕೊಂಡ ಮೋಸ. ಮಾತು ಒಪ್ಪುವಂಥದ್ದೇ. ಆದರೆ ಮ್ಯಾಕಿಂಟೈರನ ಮಗುವಿಗೆ ಊಟದ ಚಿಂತೆ ಇರಲಿಲ್ಲ.

2013ರಲ್ಲಿ ಡೋಟಾ ಆಟಗಾರನೊಬ್ಬ ತನ್ನ ತಂಡ ಸೋಲುತ್ತದೆ ಎಂದು 100 ಡಾಲರ್ ಬಾಜಿ ಕಟ್ಟಿ, ಬೇಕೆಂದೇ ಸೋತು, 322 ಡಾಲರ್ ಗೆದ್ದ. ಅವನ ಅಡ್ಡಹೆಸರು ಸೋಲೋ. ಕನ್ನಡದ ಕಿವಿಗೆ ಇದಕ್ಕಿಂತ ತಕ್ಕ ಹೆಸರಿಲ್ಲ! ಇಂದಿಗೂ ಯಾರಾದರೂ ಕೆಟ್ಟದಾಗಿ ಆಡಿದರೆ ನೋಡುಗರು ‘322’ ಎಂದು ಹಂಗಿಸುತ್ತಾರೆ. ಅವನನ್ನು ಕೆಡಿಸಿದ್ದು ಕೋಟಿಯ ಬಹುಮಾನವಲ್ಲ, ಮೂರು ಕಾಸಿನ ಮೊತ್ತ. ಅದು ಅವನೊಬ್ಬನ ಜೇಬಿಗೆ ಹೋಗುವ ಹಣ, ಉಳಿದ ನಾಲ್ವರ ಬೆನ್ನ ಹಿಂದಿನ ಹಣ. ಪಣಕ್ಕೂ ಬಹುಮಾನಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಆಟಗಳ ಕಾನೂನು ಮಾಡುವಾಗಲೂ ಹಣ ಕಟ್ಟಿ ಆಡುವುದನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನೂ ಅದರ ಬಹುಮಾನವನ್ನೂ ಬೇರೆಯಾಗಿ ಇಟ್ಟಿತು. ಮನೆಗಳಲ್ಲಿ ಈ ಗೆರೆ ಇನ್ನೂ ಮೂಡಿಲ್ಲ. ರಾತ್ರಿ ಎರಡಕ್ಕೆ ಹೆಡ್‌ಫೋನ್ ಹಾಕಿ ಕೂತ ಮಗ ಅಪ್ಪನ ಕಣ್ಣಿಗೆ ಜೂಜುಕೋರನಂತೆಯೇ ಕಾಣುತ್ತಾನೆ.

ಬಹುಮಾನದ ಹಣದ ನಿಜವಾದ ಕೆಲಸ ಆ ಅಪ್ಪನ ಮುಂದೆ. ‘ಇದರಿಂದ ಹೊಟ್ಟೆ ತುಂಬುತ್ತಾ?’ ಎಂಬ ಪ್ರಶ್ನೆಗೆ ಹುಡುಗ ಕೊಡಬಹುದಾದ ಒಂದೇ ಉತ್ತರ ಅದು. ಆಡುವ ಆಸೆಯನ್ನು ಹಣ ಹುಟ್ಟಿಸುವುದಿಲ್ಲ. ಇನ್ನೊಂದು ವರ್ಷ ಆಡಲು ಬಿಡುವನ್ನೂ ಒಪ್ಪಿಗೆಯನ್ನೂ ಕೊಡಿಸುತ್ತದೆ.

ಆಸೆ ಬತ್ತಿದ ಮೇಲೆ ಹಣ ಅದನ್ನು ತುಂಬಿಸಲಾರದು ಎಂಬುದಕ್ಕೂ ನೋಟೇಲನ ತಂಡ ಓಜಿಯೇ ಸಾಕ್ಷಿ. 2018ರ ಇಂಟರ್‌ನ್ಯಾಷನಲ್‌ಗೆ ಕೆಲವೇ ತಿಂಗಳಿದ್ದಾಗ ವರ್ಷಗಳ ಗೆಳೆಯ ಫ್ಲೈ, ಜೊತೆಗೆ ಇನ್ನೊಬ್ಬ ಆಟಗಾರ ಎಸ್4, ಬೇರೆ ತಂಡಕ್ಕೆ ಹೋದರು. ಹಣಕ್ಕಾಗಿ ಹೋದರು ಎಂದು ನಾನು ಹೇಳಲಾರೆ. ಉಳಿದವರು ತರಬೇತುದಾರ ಸೆಬ್‌ನನ್ನೇ ಕಣಕ್ಕಿಳಿಸಿದರು, ದೊಡ್ಡ ವೇದಿಕೆ ಕಾಣದ ಟಾಪ್ಸನ್‌ನನ್ನು ಕರೆದುಕೊಂಡರು, ಎಲ್ಲರಿಗೂ ತೆರೆದಿದ್ದ ಅರ್ಹತಾ ಸುತ್ತಿನಿಂದ ಹತ್ತಿ ಬಂದರು. ವ್ಯಾಂಕೂವರ್‌ನಲ್ಲಿ ಹಳೆಯ ಗೆಳೆಯರ ತಂಡವನ್ನೂ ಸೋಲಿಸಿ 1.12 ಕೋಟಿ ಡಾಲರ್ ಗೆದ್ದರು. ಮರುವರ್ಷ ಶಾಂಘೈನಲ್ಲಿ 1.56 ಕೋಟಿ. ಅದಾಗಿ ಆರು ತಿಂಗಳೂ ಕಳೆದಿರಲಿಲ್ಲ, ಅವರಲ್ಲೊಬ್ಬನಾದ ಫಿನ್ಲೆಂಡಿನ ಜೆರ್‌ಆಕ್ಸ್ ಆಟದಲ್ಲಿ ಮೊದಲಿನ ಖುಷಿ ಉಳಿದಿಲ್ಲವೆಂದು ನಿವೃತ್ತನಾದ. ಎರಡು ವರ್ಷ ಕಳೆಯುವ ಹೊತ್ತಿಗೆ ಮತ್ತೆ ಆಡಲು ಬಂದ, ಬೇರೊಂದು ತಂಡಕ್ಕೆ. ಆ ಹೊತ್ತಿಗೆ ಅವನಿಗೆ ಹಣದ ಕೊರತೆ ಇದ್ದಿರಲಾರದು.

ಹೀಗಿರುವಾಗ ಗೆದ್ದವನಿಗೆ ಇನ್ನಷ್ಟು ಸುರಿದು ಏನು ಪ್ರಯೋಜನ? 2021ರ 4 ಕೋಟಿಯಲ್ಲಿ ಹತ್ತಿರ ಹತ್ತಿರ ಅರ್ಧ ಒಂದೇ ತಂಡಕ್ಕೆ ಹೋಯಿತು. ಮೊದಲ ಎಲೆಗೆ ಸುರಿದು ಕೊನೆಯ ಎಲೆ ಖಾಲಿ ಬಿಡುವ ಆಟದ ನ್ಯಾಯ ಆಟದೊಳಗೆ ಚೆಂದ, ಏಕೆಂದರೆ ಅಲ್ಲಿ ಕ್ಯಾರಿ ಗೆದ್ದರೆ ಐದನೆಯವನೂ ಗೆದ್ದ. ತಂಡ ತಂಡಗಳ ನಡುವೆ ಆ ನಂಟಿಲ್ಲ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಪಂದ್ಯಾವಳಿ ನಡೆಸಲು ಹೊರಟವರು ಪೋಸ್ಟರಿನಲ್ಲಿ ಮೊದಲ ಬಹುಮಾನದ ಮೊತ್ತವನ್ನು ದಪ್ಪಕ್ಷರದಲ್ಲಿ ಹಾಕಿಕೊಳ್ಳಲಿ. ಅದರ ಕೆಳಗೆ ಎಂಟನೆಯ ಸ್ಥಾನದ ಮೊತ್ತವನ್ನೂ ಹಾಕಿ, ಐದು ಜನಕ್ಕೆ ಊರಿಗೆ ಮರಳುವ ಬಸ್ ಚಾರ್ಜಾದರೂ ಅದರಲ್ಲಿ ಹುಟ್ಟುತ್ತದೆಯೇ ಎಂದು ಒಮ್ಮೆ ಲೆಕ್ಕ ಮಾಡಿ ನೋಡಿ.