ನೆಲ ಓಗೊಟ್ಟಾಗ

ನೆಲಬಾಂಬ್ ಹುಡುಕುವ ಯಂತ್ರಕ್ಕೆ ಬಾಂಬ್ ಎಂದರೇನೆಂದೇ ಗೊತ್ತಿಲ್ಲ. ಅದರ ತಂತಿಯ ಸುರುಳಿಯಲ್ಲಿ ಏರಿಳಿಯುವ ವಿದ್ಯುತ್ತು ಹರಿಯುತ್ತದೆ. ಆ ಏರಿಳಿತದ ಕಾಂತಕ್ಷೇತ್ರ ಮಣ್ಣಿಗಿಳಿದು, ಅಲ್ಲಿ ಲೋಹವಿದ್ದರೆ ಅದರೊಳಗೆ ವಿದ್ಯುತ್ತಿನ ಸುಳಿಗಳನ್ನು ಎಬ್ಬಿಸುತ್ತದೆ. ಆ ಸುಳಿಗಳು ತಮ್ಮದೇ ಸಣ್ಣ ಕಾಂತಕ್ಷೇತ್ರವನ್ನು ಮೇಲಕ್ಕೆ ಕಳಿಸುತ್ತವೆ. ಕರೆದರೆ ಓಗೊಟ್ಟಂತೆ. ಓಗೊಟ್ಟದ್ದು ಸಾವೋ, ಹಳೇ ಡಬ್ಬಿಯ ಮುಚ್ಚಳವೋ, ಅದು ಹೇಳಲಾರದು.

ಕಾಂಬೋಡಿಯಾದ ಹೊಲಗಳಲ್ಲಿ ಈ ಯಂತ್ರ ಹಿಡಿದು ದಶಕಗಳಿಂದ ಜನ ನಡೆಯುತ್ತಿದ್ದಾರೆ. ನೆಲಬಾಂಬ್‌ಗಳಿಗೆ, ಸಿಡಿಯದೆ ಉಳಿದ ಮದ್ದುಗುಂಡುಗಳಿಗೆ 1979ರಿಂದೀಚೆಗೆ 19,000ಕ್ಕೂ ಹೆಚ್ಚು ಜೀವಗಳನ್ನು ತೆತ್ತ ದೇಶ ಅದು. ಒಂದು ಬಾಂಬ್ ಸಿಗುವಷ್ಟರಲ್ಲಿ ನೂರಾರು ಹುಸಿ ಕೂಗು: ಮೊಳೆ, ತೋಟಾದ ಸಿಪ್ಪೆ, ತಂತಿಯ ಚೂರು. ಪ್ರತಿ ಕೂಗಿಗೂ ಮಂಡಿಯೂರಬೇಕು. ಸಲಾಕೆಯನ್ನು ನೇರ ಚುಚ್ಚುವಂತಿಲ್ಲ, ಸುಮಾರು 30 ಡಿಗ್ರಿ ಓರೆಯಲ್ಲಿ ತೂರಿಸಿ ಬಾಂಬಿನ ಪಕ್ಕೆಯನ್ನಷ್ಟೇ ತಡವಬೇಕು. ನೆತ್ತಿ ಒತ್ತಿದರೆ ಸಿಡಿಯುತ್ತದೆ. ನೂರು ಮೊಳೆ ಕಂಡ ಮೇಲೂ ನೂರಾ ಒಂದನೆಯ ಕೂಗನ್ನು ಮೊದಲನೆಯದರಂತೆಯೇ ಕೇಳಬೇಕು. ಇದನ್ನು ಧ್ಯಾನ ಎಂದುಬಿಡಲು ನನಗೆ ಹಿಂಜರಿಕೆ. ಧ್ಯಾನಕ್ಕೆ ಕೂತವನ ಮನಸ್ಸು ಚದುರಿದರೆ ಕಾಲು ಹೋಗುವುದಿಲ್ಲ.

ಸಂಜೆಗೆ ಕೂಡಿಬಿದ್ದದ್ದು ಒಂದು ಹಿಡಿ ತುಕ್ಕು. ದಿನ ದಂಡವಾಯಿತೆ? ನಾಳೆ ಅಲ್ಲಿ ನೇಗಿಲು ಹೂಡುವವನಿಗೆ ಬೇಕಾದದ್ದು ಬಾಂಬಲ್ಲ, ಅಲ್ಲೇನೂ ಇಲ್ಲವೆಂಬ ಮಾತು. ಅಷ್ಟೊಂದು ಮೊಳೆ ಕೀಳದೆ ಆ ಮಾತು ಕೊಡಲಾಗದು.

ಮಣ್ಣಿನದೇ ಒಂದು ತೊಡಕಿದೆ. ಅಲ್ಲಿ ಹಲವೆಡೆ ಕೆಂಪು ಲ್ಯಾಟರೈಟ್ ನೆಲ, ನಮ್ಮ ಕರಾವಳಿಯವರು ಮುರಕಲ್ಲೆಂದು ಕಡಿದು ಗೋಡೆ ಕಟ್ಟುತ್ತಾರಲ್ಲ, ಆ ಜಾತಿಯದು. ಅದರಲ್ಲಿನ ಕಬ್ಬಿಣದ ಖನಿಜಗಳು ತಾವೇ ಕೂಗಿಕೊಳ್ಳುತ್ತವೆ. ಹಾಗಾಗಿ ಕೆಲಸಕ್ಕೆ ಮೊದಲು ಯಂತ್ರಕ್ಕೆ ಆ ನೆಲದ ಸಹಜ ದನಿ ಕೇಳಿಸಿ, ಅದನ್ನು ಲೆಕ್ಕದಿಂದ ಕಳೆಯುವಂತೆ ಹೊಂದಿಸಬೇಕು. ಕಳೆದದ್ದು ಹೆಚ್ಚಾದರೆ ಪ್ಲಾಸ್ಟಿಕ್ ಬಾಂಬಿನೊಳಗಿನ ಚಿಟಿಕೆಯಷ್ಟು ಲೋಹವೂ ಅದರ ಜೊತೆಗೇ ಹೋಗುತ್ತದೆ.

ಕಿವಿಗಿಂತ ಮೊದಲು ತೀರ್ಮಾನ ಬಂದು ಕೂತರೆ ಏನಾಗುತ್ತದೆ ಎಂಬುದಕ್ಕೆ ಈ ವಿದ್ಯೆಯ ಬಾಲ್ಯದಲ್ಲೇ ಒಂದು ಪ್ರಸಂಗವಿದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿತ್ತು. ದೇಹದಲ್ಲಿ ಹೂತ ಗುಂಡನ್ನು ಹುಡುಕಲು, ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ ಇದೇ ತತ್ತ್ವದ ಸಾಧನ ಹೊತ್ತು ಬಂದರು. ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ಗೊಂದಲ ಎಬ್ಬಿಸಿದವು ಎನ್ನುತ್ತಾರೆ. ಅದಿರಲಿ. ಗುಂಡು ಬಲಗಡೆಯೇ ಇದೆ ಎಂದು ಮುಖ್ಯ ವೈದ್ಯರು ನಂಬಿದ್ದರು. ಅಲ್ಲಷ್ಟೇ ಹುಡುಕಲು ಬಿಟ್ಟರು. ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ತೀರಿಕೊಂಡರು. ಶವಪರೀಕ್ಷೆಯಲ್ಲಿ ಗುಂಡು ಸಿಕ್ಕಿದ್ದು ಎಡಗಡೆ.