ಪಾದೋದಕ ಮತ್ತು ನದಿಯ ನೀರು

ಅಷ್ಟಾವರಣಗಳಲ್ಲಿ ಪಾದೋದಕವು ಒಂದು. ಗುರು-ಲಿಂಗ-ಜಂಗಮರ ಸಂಬಂಧದಿಂದ ಸಾಮಾನ್ಯ ಜಲವೇ ತೀರ್ಥವಾಗುವುದೆಂಬುದು ಅದರ ತತ್ತ್ವ. ಪ್ರಾತಃಕಾಲದಲ್ಲಿ ಜಲವನ್ನು ತೀರ್ಥವೆಂದು ಸೇವಿಸಿದ ಭಕ್ತನು ಅದೇ ದಿನ ಹೊಲದಲ್ಲಿ ಅದನ್ನು ವಿಷವಾಗಿಸಿದರೆ ಅವನ ಆಚಾರವೆಲ್ಲಿ ಉಳಿಯಿತು?

ಯಲ್ಲಾಲಿಂಗ ಮಹಾಪ್ರಭುಗಳ ಮಠದಿಂದ ಪ್ರಸಿದ್ಧವಾದ ಮುಗಳಖೋಡವು ರಾಯಬಾಗ ತಾಲೂಕಿನದು. ತಾಲೂಕಿನ ಉತ್ತರಕ್ಕೆ ಕೃಷ್ಣೆ ಹರಿಯುವಳು. ಕರ್ನಾಟಕಕ್ಕೆ ಬರುವ ಮುನ್ನವೇ ನರಸೋಬವಾಡಿಯಲ್ಲಿ ಪಂಚಗಂಗೆಯು ಅವಳನ್ನು ಕೂಡುವಳು. ಆ ಪಂಚಗಂಗೆಯೋ ಕೊಲ್ಲಾಪುರದ ಚರಂಡಿ ನೀರನ್ನೂ ಇಚಲಕರಂಜಿಯ ಬಣ್ಣದ ಕೊಳೆಯನ್ನೂ ಹೊತ್ತು ಬಂದವಳು. 2012ರಲ್ಲಿ ಇಚಲಕರಂಜಿಯಲ್ಲಿ ಕುಡಿಯುವ ನೀರು ಕೆಟ್ಟು ಕಾಮಾಲೆ ಹಬ್ಬಿ ಜನರು ಪ್ರಾಣ ಬಿಟ್ಟರು. ಇದನ್ನು ಕೇಳಿದ ರೈತನು, “ಕೆಡಿಸಿದವರು ಮೇಲಿನವರು” ಎನ್ನುವನು. ಮಾತು ಸುಳ್ಳಲ್ಲ; ಆದರೆ ಅರ್ಧ ಮಾತು.

ಕಬ್ಬಿಗೆ ಹಾಕಿದ ಯೂರಿಯಾವೆಲ್ಲ ಕಬ್ಬಿಗೇ ಸಲ್ಲುವುದಿಲ್ಲ. ಮಿತಿಮೀರಿ ಹಾಯಿಸಿದ ನೀರು ಉಳಿದುದನ್ನು ನೈಟ್ರೇಟಿನ ರೂಪದಲ್ಲಿ ಬಾವಿಗಿಳಿಸುವುದು, ಹಳ್ಳಕ್ಕೊಯ್ಯುವುದು. ಮಳೆಗೆ ಕೊಚ್ಚಿದ ಮಣ್ಣಿನೊಡನೆ ರಂಜಕವೂ ಹೋಗುವುದು. ಆ ಸಾರವನ್ನುಂಡು ಪಾಚಿ ಕೊಬ್ಬುವುದು. ಅದು ಸತ್ತು ಕೊಳೆಯುವಾಗ ನೀರಿನೊಳಗಿನ ಪ್ರಾಣವಾಯು ತೀರಿ ಮೀನುಗಳು ಸಾಯುವುವು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟು 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಮೀರಿದ ನೀರಿನಲ್ಲಿ ಕಲಸಿದ ಹಾಲುಪುಡಿಯನ್ನು ಕುಡಿದ ಹಸುಗೂಸಿನ ರಕ್ತವು ಪ್ರಾಣವಾಯುವನ್ನು ಹೊರಲಾರದೆ ಮೈ ನೀಲಿಗಟ್ಟುವ ಭಯವುಂಟು. ಇತ್ತ ಅತಿನೀರಾವರಿಯಿಂದ ಹೊಲವೂ ಸವಳಾಗುವುದು.

ಮುಗಳಖೋಡದ ಸೀಮೆಯಲ್ಲಿ ಹರಿದ ನೀರು ಹಳ್ಳಗಳ ದಾರಿಯಿಂದ ಕೊನೆಗೆ ಕೃಷ್ಣೆಯನ್ನೇ ಸೇರಿ ಕೂಡಲಸಂಗಮವನ್ನು ಮುಟ್ಟುವುದು. ಬಸವಣ್ಣನವರು ಐಕ್ಯರಾದ ಕ್ಷೇತ್ರವದು. ಮೇಲಿನವರಿಂದ ನೊಂದವನೂ ತನ್ನ ಕೆಳಗಿನವನಿಗೆ ಮೇಲಿನವನೇ ಅಲ್ಲವೆ? ತನ್ನದು ಒಂದೇ ಚೀಲ ಗೊಬ್ಬರವೆಂದು ಪ್ರತಿಯೊಬ್ಬನೂ ಹೇಳಿದರೆ, ಸಂಗಮನಾಥನ ಪಾದವನ್ನು ಮುಟ್ಟುವುದು ಊರೂರಿನ ಚೀಲಗಳ ಸಾರ.

ಸದಾಚಾರವು ಗಳಿಕೆಯ ಲೆಕ್ಕವನ್ನು ಕೇಳುವಂತೆ ಕಾಯಕದಿಂದ ಹೊರಬಿದ್ದ ಕೊಳೆಯ ಲೆಕ್ಕವನ್ನೂ ಕೇಳುವುದು. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರವನ್ನು ಕಂತುಕಂತಾಗಿ ಕೊಡಬೇಕು. ದೊಡ್ಡ ಮಳೆಯ ಮುಂದೆ ಚೆಲ್ಲಬಾರದು. ಸಾಧ್ಯವಿದ್ದಲ್ಲಿ ಹನಿ ನೀರಾವರಿಯನ್ನು ಹಿಡಿಯಬೇಕು. ಕಬ್ಬಿನ ರವದಿಯನ್ನು ಸುಡದೆ ಹೊಲಕ್ಕೇ ಹೊದಿಸಬೇಕು. ಹಳ್ಳದ ದಂಡೆಯ ಹುಲ್ಲನ್ನು ಉಳುಮೆಯಿಂದ ಉಳಿಸಬೇಕು. ಔಷಧ ಹೊಡೆದ ಡಬ್ಬಿಯನ್ನು ಆ ಹಳ್ಳದಲ್ಲಿ ತೊಳೆಯಲೇಬಾರದು. ಮನೆಯ ಬಚ್ಚಲ ನೀರು ಹಿತ್ತಲ ಬಾಳೆಗೆ ಸಲ್ಲಲಿ.

ಜಂಗಮವೆಂದರೆ ಚಲಿಸುವುದು. ಹರಿವ ನದಿಯೂ ಮನೆಮನೆಗೆ ಬರುವ ಜಂಗಮವೇ. ಕೆಳಗಿನ ಊರಿನ ಕೂಸು ನಿರ್ಭಯದಿಂದ ಕುಡಿಯುವ ನೀರೇ ಮೇಲಿನ ಊರಿನ ಭಕ್ತನು ಮಾಡಿದ ದಾಸೋಹವೆಂದು ಸದ್ಭಕ್ತರು ಮನಗಾಣಬೇಕು.