ಐದು ಪೋರ್ಟಿನ ಪೆಟ್ಟಿಗೆ

ಚಿಪ್ಪನ್ನು ದುಡ್ಡು ಕೊಟ್ಟು ತರಬಹುದು. ಅದು ಹೇಗೆ ನಡೆದುಕೊಳ್ಳುತ್ತದೆ ಎಂಬ ತಿಳಿವಳಿಕೆ ಅದರ ಜೊತೆ ಬರುವುದಿಲ್ಲ. ಆ ತಿಳಿವಳಿಕೆ ತಯಾರಕರ ಕಪಾಟಿನಲ್ಲಿ, ಗೋಪ್ಯತೆಯ ಕರಾರಿಗೆ ಸಹಿ ಹಾಕಿದವರಿಗಷ್ಟೇ ತೋರಿಸುವ ಕಡತದಲ್ಲಿ ಇರುತ್ತದೆ. ಅಂಕೋಲೆಯ ಮನೆಯಲ್ಲಿ ಹಳೇ ರೂಟರ್ ಬಿಚ್ಚಿಟ್ಟುಕೊಂಡು ಕೂತವನಿಗೆ ಆ ಕಪಾಟು ತೆರೆಯುವುದಿಲ್ಲ. ಅವನ ಪಾಲಿಗೆ ಇರುವುದು ಎರಡು ತಂತಿ.

*

ಆ ಎರಡು ತಂತಿಗೆ ಎಂಡಿಐಒ ಎಂದು ಹೆಸರು. ಒಂದರಲ್ಲಿ ಗಡಿಯಾರದ ತಾಳ, ಇನ್ನೊಂದರಲ್ಲಿ ಮಾತು. 32 ವಿಳಾಸ, ಒಂದೊಂದು ವಿಳಾಸಕ್ಕೂ 32 ರಿಜಿಸ್ಟರ್, ಒಂದೊಂದು ರಿಜಿಸ್ಟರಿಗೂ 16 ಬಿಟ್. ಯಾರೂ ಇಲ್ಲದ ವಿಳಾಸವನ್ನು ಕೇಳಿದರೂ ಉತ್ತರ ಬರುತ್ತದೆ! ತಂತಿಯನ್ನು ಒಂದು ರೆಸಿಸ್ಟರ್ ಮೇಲೆಳೆದು ಹಿಡಿದಿರುವುದರಿಂದ ಹದಿನಾರೂ ಬಿಟ್ ಒಂದಾಗಿ 65535 ಎಂದು ಕಾಣುತ್ತದೆ. ಹೊಸಬರು ಈ ಸಂಖ್ಯೆಗೆ ಅರ್ಥ ಹುಡುಕುತ್ತಾ ಒಂದು ಸಂಜೆ ಕಳೆಯುವುದುಂಟು.

*

ಲಿಂಕ್ ಇದೆಯೇ ಇಲ್ಲವೇ ಎಂದು ಹೇಳುವ ಬಿಟ್ಟನ್ನು ಎರಡು ಸಲ ಓದುವುದು ವಾಡಿಕೆ. ನಡುವೆ ಒಮ್ಮೆ ಲಿಂಕ್ ಬಿದ್ದಿದ್ದರೆ, ಯಾರಾದರೂ ಬಂದು ಓದುವ ತನಕ ಆ ಬಿಟ್ ಸೊನ್ನೆಯಾಗಿಯೇ ಉಳಿದಿರುತ್ತದೆ. ಮೊದಲ ಓದಿಗೆ ಹಿಂದೆ ಆದದ್ದು, ಎರಡನೆಯದಕ್ಕೆ ಈಗಿನದು.

*

ಕಾರವಾರದ ಕಡಲಗಾಳಿ ಒಂದೆರಡು ವರ್ಷದಲ್ಲೇ ಅಗ್ಗದ ಸಾಕೆಟ್ಟಿನ ತಗಡುಗಳಿಗೆ ಹಸಿರು ಹಿಡಿಸುತ್ತದೆ. ಆಮೇಲೆ ಲಿಂಕ್ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಇದು ಯಾವ ಕೋಡ್ ಬರೆದರೂ ಹೋಗುವ ಕಾಯಿಲೆಯಲ್ಲ. ಆದರೂ ಬೈಗುಳ ಬರುವುದು ಚಿಪ್ಪನ್ನು ನಡೆಸುವ ತಂತ್ರಾಂಶಕ್ಕೆ, ಅಂದರೆ ಡ್ರೈವರಿಗೇ.

*

ರೂಟರಿನೊಳಗೆ ಪೋರ್ಟುಗಳನ್ನು ಜೋಡಿಸುವ ಚಿಪ್ಪಿಗೆ, ಅಂದರೆ ಸ್ವಿಚ್ಚಿಗೆ, ಡ್ರೈವರ್ ಬರೆಯುವುದು ವಿಚಿತ್ರ ಕಸುಬು. ಬೇರೆ ಡ್ರೈವರುಗಳು ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದು ದಾಟಿಸುತ್ತವೆ. ಇದು ಪ್ಯಾಕೆಟ್ಟಿನ ದಾರಿಯಲ್ಲೇ ನಿಲ್ಲಬಾರದು. ಎಲೆ ಹಾಕಿಸಿ, ಪಂಕ್ತಿ ಸರಿಮಾಡಿ ಬದಿಗೆ ಸರಿದು ನಿಲ್ಲುವ ಹಿರಿಯರಂತೆ ಇದರ ಕೆಲಸ; ಬಡಿಸುವುದು ಚಿಪ್ಪು. ಒಂದನೇ ಪೋರ್ಟಿನಿಂದ ಎರಡನೆಯದಕ್ಕೆ ಹೋಗುವ ಫ್ರೇಮನ್ನು ಪ್ರೊಸೆಸರ್ ನೋಡುವುದೇ ಇಲ್ಲ. ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ಕೂತವನಿಗೆ ಏನೂ ಕಾಣದಿದ್ದರೆ ಗಾಬರಿ ಬೇಡ. ಎಲ್ಲವೂ ಸರಿಯಾಗಿ ನಡೆಯುತ್ತಿದೆ.

*

ಲಿನಕ್ಸ್‌ನಲ್ಲಿ ಈ ಚಿಪ್ಪುಗಳಿಗೊಂದು ಚೌಕಟ್ಟು ಸಿಕ್ಕಿದ್ದು 2008ರ ಕೊನೆಗೆ, 2.6.28ನೇ ಆವೃತ್ತಿಯಲ್ಲಿ. ಲೆನರ್ಟ್ ಬೈಟನ್‌ಹೆಕ್ ಅದನ್ನು ಮಾರ್ವೆಲ್ ಚಿಪ್ಪುಗಳಿಗೆಂದು ಬರೆದರು, ಹೆಸರು ಡಿಎಸ್‌ಎ. ಕಲ್ಪನೆ ಸರಳ: ಹೊರಗಿನ ಒಂದೊಂದು ಪೋರ್ಟೂ ಕರ್ನಲ್‌ಗೆ ಬೇರೆ ಬೇರೆ ನೆಟ್‌ವರ್ಕ್ ಕಾರ್ಡಿನ ಹಾಗೆ ಕಾಣಬೇಕು. ಚಿಪ್ಪಿನಿಂದ ಪ್ರೊಸೆಸರಿಗೆ ಇರುವ ದಾರಿ ಮಾತ್ರ ಒಂದೇ. ಹಾಗಾಗಿ ಪ್ರತಿ ಫ್ರೇಮಿಗೂ ಯಾವ ಪೋರ್ಟಿನಿಂದ ಬಂತು ಎಂಬ ಚೀಟಿ ಅಂಟಿಸಿ ಕಳಿಸುತ್ತಾರೆ. ಚೀಟಿ ನಾಲ್ಕೇ ಬೈಟ್. ಆದರೆ 1500 ಬೈಟಿನ ಹೊರೆಗೆ ಆ ನಾಲ್ಕು ಸೇರಿ 1504 ಆಗುತ್ತದೆ, ದಾರಿ 1500ಕ್ಕೇ ಅಳತೆ ಮಾಡಿದ್ದರೆ ದೊಡ್ಡ ಫ್ರೇಮುಗಳು ಸದ್ದಿಲ್ಲದೆ ಮಾಯ. ಪಿಂಗ್ ಚೆನ್ನಾಗಿ ಹೋಗುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಹೀಗೆ ಯಾರಾದರೂ ದೂರಿದರೆ ನಾನು ಮೊದಲು ನೋಡುವುದು ಈ ನಾಲ್ಕು ಬೈಟನ್ನೇ.

*

ಪೆಟ್ಟಿಗೆಯ ಮೇಲೆ 1, 2, 3, 4 ಎಂದು ಅಚ್ಚು ಹಾಕಿದೆ. ಚಿಪ್ಪಿನೊಳಗೆ ಅವೇ 3, 2, 1, 0. ಬೋರ್ಡ್ ಬಿಡಿಸಿದವರಿಗೆ ತಂತಿ ಎಳೆಯಲು ಹಾಗೆ ಅನುಕೂಲವಾಯಿತು, ಅಷ್ಟೆ. ಡಿವೈಸ್ ಟ್ರೀ ಎಂಬ ಕಡತದಲ್ಲಿ ಇದನ್ನು ತಿರುಗಿಸಿ ಬರೆಯುವವರಿಗೆ ಜನ ಬಳಸುವ ಹೆಸರು ಯಾವುದೆಂದು ಗೊತ್ತಿರಬೇಕು.

*

ಎರಡು ಚಿಪ್ಪುಗಳನ್ನು ಜೋಡಿಸುವ ಗಿಗಾಬಿಟ್ ವೇಗದ ಆರ್‌ಜಿಎಂಐಐ ಸಂಪರ್ಕದಲ್ಲಿ ಗಡಿಯಾರದ ಸಂಕೇತ ದತ್ತಾಂಶಕ್ಕಿಂತ ಸುಮಾರು 2 ನ್ಯಾನೊಸೆಕೆಂಡ್ ತಡವಾಗಿ ಮುಟ್ಟಬೇಕು. ಆ ತಡವನ್ನು ಈ ಬದಿಯವರು ಮಾಡಬಹುದು, ಆ ಬದಿಯವರೂ ಮಾಡಬಹುದು. ಇಬ್ಬರೂ ಮಾಡಿದರೆ ಕೆಟ್ಟಿತು. ಇನ್ನೊಬ್ಬರು ಮಾಡಿಯಾರು ಎಂದು ಇಬ್ಬರೂ ಸುಮ್ಮನಿದ್ದರೂ ಕೆಟ್ಟಿತು. ಗ್ರಾಮ ಪಂಚಾಯಿತಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

*

ಜೂನ್ ಬಂದರೆ ನಮ್ಮಲ್ಲಿ ಕರೆಂಟು ಹೇಳದೆ ಹೋಗುತ್ತದೆ. ಡ್ರೈವರ್ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷಕ ಇಲ್ಲ. ಕಂಪನಿಯ ತಂತ್ರಾಂಶ ಓಡಿಸಿ, ಹಾಗೇ ರೀಬೂಟ್ ಮಾಡಿ ನಮ್ಮ ಕರ್ನಲ್ ಏರಿಸಿದರೆ ಎಲ್ಲ ಸಲೀಸು, ಏಕೆಂದರೆ ಹಿಂದಿನವರು ತುಂಬಿಟ್ಟ ರಿಜಿಸ್ಟರುಗಳು ಚಿಪ್ಪಿನಲ್ಲಿ ಹಾಗೇ ಉಳಿದಿರುತ್ತವೆ. ಕರೆಂಟು ಹೋಗಿ ಬಂದ ಮೇಲೆ ಅದೇ ಡ್ರೈವರ್ ಕಣ್ಣು ಕಣ್ಣು ಬಿಡುತ್ತದೆ. ನಾವು ಬರೆದದ್ದೆಷ್ಟು, ಹಿಂದಿನವರ ಪುಣ್ಯವೆಷ್ಟು ಎಂದು ಆಗ ಗೊತ್ತಾಗುತ್ತದೆ.

*

ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು. ನಮ್ಮ ಜಿಲ್ಲೆಗೆ ಹೆಮ್ಮೆ. ರೂಟರ್ ಒಂದು 962 ದಿನ ನಿಲ್ಲದೆ ನಡೆದಿದ್ದರೆ ಅಷ್ಟು ದಿನ ಅದಕ್ಕೆ ಯಾರೂ ಅಪ್‌ಡೇಟ್ ಹಾಕಿಲ್ಲ ಎಂದರ್ಥ.

*

ಎಥರ್ನೆಟ್ ಫ್ರೇಮಿನಲ್ಲಿ ಆಯುಸ್ಸು ಬರೆದಿರುವುದಿಲ್ಲ. ಎರಡು ಸ್ವಿಚ್ಚುಗಳ ನಡುವೆ ತಪ್ಪಿ ಎರಡು ಕೇಬಲ್ ಹಾಕಿದರೆ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಸುತ್ತುತ್ತಲೇ ಇರುತ್ತದೆ, ಹೆಚ್ಚುತ್ತಲೂ ಹೋಗುತ್ತದೆ, ಜಾಲ ಮಲಗುವ ತನಕ. 1985ರಲ್ಲಿ ರೇಡಿಯಾ ಪರ್ಲ್‌ಮನ್ ಇದಕ್ಕೆ ಮದ್ದು ಕಂಡುಹಿಡಿದರು: ಸ್ಪ್ಯಾನಿಂಗ್ ಟ್ರೀ. ಅದು ಹೆಚ್ಚಿನ ದಾರಿಯನ್ನು ಕಿತ್ತೆಸೆಯುವುದಿಲ್ಲ, ಮುಚ್ಚಿಟ್ಟು ಕಾಯುತ್ತದೆ. ತೆರೆದದ್ದು ಹೋದರೆ ಮುಚ್ಚಿದ್ದು ತೆರೆಯುತ್ತದೆ. ಯಾವ ಪೋರ್ಟ್ ಮುಚ್ಚಬೇಕೆಂದು ನಿರ್ಧರಿಸುವುದು ಡ್ರೈವರ್ ಅಲ್ಲ. ಹೇಳಿದ ಪೋರ್ಟನ್ನು ತಕ್ಷಣ, ತಪ್ಪದೆ ಮುಚ್ಚುವುದಷ್ಟೇ ಅದರ ಪಾಲು.

ಕರಾವಳಿಯಲ್ಲಿ ಕಷ್ಟ ತದ್ವಿರುದ್ಧ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿಯೂ ಕಡಿಯಿತು. ಸಮುದ್ರಕ್ಕೂ ಘಟ್ಟಕ್ಕೂ ನಡುವೆ ಕಾದು ಕುಳಿತ ಇನ್ನೊಂದು ದೊಡ್ಡ ದಾರಿ ಇರಲಿಲ್ಲ. ಲಾರಿಗಳು ಘಟ್ಟ ಹತ್ತಿ ಸುತ್ತಿ ಬಂದವು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದಾಗ ಪಕ್ಕದಲ್ಲಿ ಹೊಸದಿತ್ತು; ಪರಿಶೀಲನೆ ಮುಗಿಸಿ ಎರಡೂ ದಿಕ್ಕಿನ ವಾಹನಗಳನ್ನು ಅದರ ಮೇಲೇ ಬಿಟ್ಟರು. ಎರಡನೇ ದಾರಿಯನ್ನು ದಂಡದ ಖರ್ಚು ಎನ್ನುವವರು ಈ ಎರಡು ತಾರೀಖುಗಳನ್ನು ನೆನಪಿಡಲಿ.

*

ರಿಯಲ್‌ಟೆಕ್‌ನ ಆರ್‌ಟಿಎಲ್8366ಆರ್‌ಬಿ ಎಂಬ ಚಿಪ್ಪಿನ ಡ್ರೈವರನ್ನು ಲಿನಸ್ ವಾಲೈ 2018ರಲ್ಲಿ ಕರ್ನಲ್‌ಗೆ ತಂದರು. (ಇವರು ಲಿನಕ್ಸ್ ಹುಟ್ಟಿಸಿದ ಆ ಲಿನಸ್ ಅಲ್ಲ.) ಅದರೊಳಗೆ ಜಾಮ್ ಟೇಬಲ್ ಎಂಬ ಪಟ್ಟಿಗಳಿವೆ. ಯಾವ ರಿಜಿಸ್ಟರಿಗೆ ಯಾವ ಸಂಖ್ಯೆ ಎಂದಷ್ಟೇ ಇದೆ, ಯಾಕೆ ಎಂದಿಲ್ಲ. ತಯಾರಕರ ಕೋಡಿನಿಂದ ಬಂದ ಸಂಖ್ಯೆಗಳು. ಹಾಕಿದರೆ ನಡೆಯುತ್ತದೆ, ಹಾಗಾಗಿ ಹಾಕುತ್ತಾರೆ. ಇದು ಮುಕ್ತ ತಂತ್ರಾಂಶವೇ? ಹೌದು, ಅನ್ನುತ್ತೇನೆ. ಗೊತ್ತಿಲ್ಲದ ಜಾಗ ಎಲ್ಲಿದೆ ಎಂದು ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಾರಲ್ಲ. ಮುಚ್ಚಿದ ತಂತ್ರಾಂಶದಲ್ಲೂ ಇದೇ ಸಂಖ್ಯೆಗಳಿವೆ, ಕೇಳುವವರಿಗೆ ಕಾಣುವುದಿಲ್ಲ.

*

ಕಂಪನಿ ಒಂದು ಚಿಪ್ಪನ್ನು ಮರೆಯಲು ಕೆಲವೇ ವರ್ಷ ಸಾಕು. ಹೊಸ ಮಾದರಿ ಬಂತು, ಹಳೆಯದರ ತಂಡ ಚದುರಿತು. ಮರೆಯದೆ ಉಳಿಯುವುದು ಕರ್ನಲ್‌ನ ಮೂಲದೊಳಗೆ ಸೇರಿದ ಕೋಡ್. ಅಲ್ಲಿ ಒಳಗಿನ ರಚನೆಯನ್ನು ಬದಲಿಸುವವರು ಅದನ್ನು ಬಳಸುವ ಡ್ರೈವರುಗಳನ್ನೂ ತಾವೇ ಸರಿಪಡಿಸಬೇಕು. ಹೊರಗೆ ಉಳಿದದ್ದಕ್ಕೆ ಆ ಋಣ ಇಲ್ಲ.

*

ಕಾನೂನಿಗೂ ಇಲ್ಲಿ ಕೆಲಸವಿದೆ. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೂಟರಿನೊಳಗೆ ಲಿನಕ್ಸ್ ಇದೆಯೆಂದು ಪತ್ತೆಯಾಗಿ, ಜಿಪಿಎಲ್ ಪರವಾನಗಿಯ ಪ್ರಕಾರ 2003ರಲ್ಲಿ ಅದರ ಕೋಡ್ ಹೊರಬಂತು. ಮರುವರ್ಷ ರೂಟರುಗಳ ಮುಕ್ತ ತಂತ್ರಾಂಶವಾದ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಯಾರೋ ಪರವಾನಗಿಯನ್ನು ಕೊನೆಯ ಸಾಲಿನವರೆಗೆ ಓದಿದ್ದರ ಫಲ.

*

ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಬೋರ್ಡಿನಲ್ಲಿ ಎಥರ್ನೆಟ್ ಸಾಕೆಟ್ ಒಂದೇ. ಅದರ ಎಎಂ335ಎಕ್ಸ್ ಚಿಪ್ಪಿನೊಳಗೆ ಮಾತ್ರ ಮೂರು ಪೋರ್ಟಿನ ಸ್ವಿಚ್ಚೇ ಇದೆ, ಡ್ರೈವರ್ ಕರ್ನಲ್‌ನಲ್ಲೇ ಇದೆ, ಚಿಪ್ಪಿನ ಕೈಪಿಡಿಯೂ ಬಚ್ಚಿಟ್ಟದ್ದಲ್ಲ. ಮಾಜಾಳಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರಿಗೆ ನನ್ನ ಸಲಹೆ: ನೆಟ್‌ವರ್ಕಿಂಗ್ ಪುಸ್ತಕದ ಸ್ವಿಚ್ ಅಧ್ಯಾಯ ಓದುವಾಗ ಆ ಡ್ರೈವರಿನ ಕಡತವನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಪುಸ್ತಕದಲ್ಲಿ ಬಾಣದ ಗುರುತು ಇರುವಲ್ಲಿ ಇಲ್ಲಿ ಬೀಗ, ಟೈಮರ್, ಸೋತರೆ ಹಿಂದೆ ಸರಿಯುವ ದಾರಿ ಎಲ್ಲ ಕಾಣುತ್ತವೆ.

*

2003ರಲ್ಲಿ ಎಸ್‌ಸಿಒ ಕಂಪನಿ ಲಿನಕ್ಸ್‌ನೊಳಗೆ ತನ್ನ ಕೋಡ್ ಸೇರಿದೆ ಎಂದು ಐಬಿಎಂ ಮೇಲೆ ದಾವೆ ಹೂಡಿತು. ಆ ತಕರಾರಿನ ಪಾಠವಾಗಿ 2004ರಿಂದ ಪ್ರತಿ ಬದಲಾವಣೆಯ ಕೆಳಗೂ ಬರೆದವರ ಸಹಿಯ ಸಾಲು ಬಂತು. ಪರಿಶೀಲಿಸಿದವರಿಗೊಂದು ಸಾಲು, ತಮ್ಮ ಬೋರ್ಡಿನ ಮೇಲೆ ಓಡಿಸಿ ನೋಡಿದವರಿಗೆ ಇನ್ನೊಂದು. ಮೂರನೆಯ ಸಾಲಿಗೆ ಸಿ ಭಾಷೆಯ ಪಾಂಡಿತ್ಯ ಬೇಡ, ಆ ಚಿಪ್ಪು ಇರುವ ಪೆಟ್ಟಿಗೆ ಬೇಕು, ತಾಳ್ಮೆ ಬೇಕು. ನಮ್ಮ ಮೇ ತಿಂಗಳ ಸಿಡಿಲಿಗೆ ಒಂದು ಪೋರ್ಟ್ ಸುಟ್ಟುಹೋಗಿ ನಾಲ್ಕು ಉಳಿದ ರೂಟರುಗಳು ಕಾರವಾರದ ಎಷ್ಟೋ ಮನೆಗಳ ಅಟ್ಟದಲ್ಲಿವೆ. ಸತ್ತ ಪೋರ್ಟನ್ನು ಡ್ರೈವರ್ ಸತ್ತದ್ದೆಂದೇ ಗುರುತಿಸುತ್ತದೆಯೋ, ಉಳಿದ ನಾಲ್ಕನ್ನೂ ಜೊತೆಗೆ ಕೆಡವುತ್ತದೆಯೋ ಎಂದು ನೋಡಲು ಅಂಥದ್ದೇ ಬೇಕು. ಹೊಸ ಪೆಟ್ಟಿಗೆಯಲ್ಲಿ ಅದು ತಿಳಿಯುವುದಿಲ್ಲ.